ಮೀನೇಣಿಯ ಬಾಯಿ ಎಲ್ಲಿರಬೇಕು

ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಕೋಲಾರದಲ್ಲಿ ಕುಳಿತು ನಾನು ಮೀನುಗಳಿಗೆ ದಾರಿ ಮಾಡಿಕೊಡುವ ಕೆಲಸ ಮಾಡುತ್ತೇನೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಹರಿದು ಬಂದದ್ದು ನಮ್ಮ ಜಿಲ್ಲೆಯ ಚಿನ್ನದ ಗಣಿಗಳಿಗೆ. ಹಾಗಾಗಿ ಜಲವಿದ್ಯುತ್ತಿನ ಮಾತು ನನಗೆ ಎಂದೂ ದೂರದ್ದೆನಿಸಿಲ್ಲ.

ಮೂರು ವರ್ಷದ ಹಿಂದೆ ಯೂರೋಪಿನ ಹೊಳೆಯೊಂದರ ಸಣ್ಣ ಜಲವಿದ್ಯುತ್ ಸ್ಥಾವರದ ಕೆಲಸ ಕೈಗೆ ಬಂತು. 3 ಮೀಟರ್ ಎತ್ತರದ ಅಡ್ಡಗಟ್ಟೆ, ಅದರ ಪಕ್ಕದಲ್ಲಿ ತೊಟ್ಟಿ ತೊಟ್ಟಿಯಾಗಿ ಮೇಲೇರುವ ಮೀನೇಣಿ. ಆದರೂ ಮೊಟ್ಟೆಯಿಡಲು ಹೊಳೆಯ ಮೇಲ್ಭಾಗಕ್ಕೆ ಹೋಗಬೇಕಾದ ಬಾರ್ಬೆಲ್ ಮೀನುಗಳು, ಅಂದರೆ ನಮ್ಮ ಕಾವೇರಿಯ ಬಿಳಿಮೀನಿನ ದೂರದ ದಾಯಾದಿಗಳು, ಅದನ್ನು ಹತ್ತುತ್ತಿರಲಿಲ್ಲ.

ಮೊದಲು ತೊಟ್ಟಿಗಳ ನಡುವಿನ ಸೀಳುಗಳನ್ನು ನೋಡಿದೆ. ಒಂದು ತೊಟ್ಟಿಯಿಂದ ಇನ್ನೊಂದಕ್ಕೆ ನೀರು 30 ಸೆಂಟಿಮೀಟರ್ ಇಳಿದರೆ ಸೀಳಿನಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 2.4 ಮೀಟರ್ ಆಗುತ್ತದೆ. ಇಳಿತವನ್ನು 12 ಸೆಂಟಿಮೀಟರ್‌ಗೆ ತಗ್ಗಿಸಿದರೆ ವೇಗ 1.5 ಮೀಟರ್‌ಗೆ ಬರುತ್ತದೆ, ಆದರೆ 10 ಮೆಟ್ಟಿಲಿನ ಜಾಗದಲ್ಲಿ 25 ಮೆಟ್ಟಿಲು ಬೇಕಾಗುತ್ತದೆ. ನೀರಿನ ಹರಿವನ್ನು ಲೆಕ್ಕಹಾಕುವ ಓಪನ್‌ಫೋಮ್ ತಂತ್ರಾಂಶದಲ್ಲಿ ಸಿಮ್ಯುಲೇಷನ್ ನಡೆಸಿ ಹೊಸ ನಕ್ಷೆ ಕಳುಹಿಸಿದೆ, ಅದರಂತೆ ಕಟ್ಟಿದರು. ಮುಂದಿನ ವಸಂತದಲ್ಲೂ ಮೀನು ಹತ್ತಲಿಲ್ಲ.

ತಪ್ಪು ನನ್ನದೇ. ನನ್ನ ಮಾದರಿ, ಮೀನು ಒಳಬರುವ ಕೆಳತುದಿಯಾದ ಏಣಿಯ ಬಾಯಿಯಲ್ಲೇ ಮುಗಿದಿತ್ತು. ಮೀನು ಆ ಬಾಯಿಗೆ ಹೇಗೆ ಬರಬೇಕೆಂಬುದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಮೀನಿಗೆ ಕಣ್ಣಿಗಿಂತ ಹೆಚ್ಚಾಗಿ ಹರಿವೇ ದಾರಿ. ಮೈಯ ಎರಡು ಬದಿಗಳ ಸಂವೇದನಾ ರೇಖೆಯಿಂದ ನೀರಿನ ಒತ್ತನ್ನು ಅರಿತು, ಬಲವಾದ ಸೆಳವಿಗೆ ಎದುರಾಗಿ ಅದು ಈಜುತ್ತದೆ. ಆ ಬಲವಾದ ಸೆಳವು ಬರುತ್ತಿದ್ದುದು ಏಣಿಯಿಂದಲ್ಲ, ಟರ್ಬೈನಿನಿಂದ.

ಈ ಬಾರಿ ಸ್ಥಾವರದ ಹೊರಹರಿವನ್ನೂ ಕೆಳಗಿನ ಹೊಳೆಯ ಪಾತ್ರವನ್ನೂ ಮಾದರಿಗೆ ಸೇರಿಸಿದೆ. ವರ್ಷದ ಸರಾಸರಿ ಹರಿವನ್ನು ಬಿಟ್ಟು, ಮೀನುಗಳು ನಿಜವಾಗಿ ಬರುವ ವಸಂತದ ತುಂಬು ಹರಿವನ್ನೇ ಕೊಟ್ಟೆ. ತೆರೆಯ ಮೇಲೆ ನೀಲಿ ಬಣ್ಣದ ದೊಡ್ಡ ಸುಳಿಯೊಂದು ದಡದ ಗೋಡೆಗೆ ಒರಗಿ ತಿರುಗುತ್ತಿತ್ತು. ಏಣಿಯ ತೆಳುವಾದ ಧಾರೆ ಹೊರಬಂದು ಕೆಲವೇ ಅಡಿ ಹೋಗುವಷ್ಟರಲ್ಲಿ ಆ ಸುಳಿ ಅದನ್ನು ಹಿಂದಕ್ಕೆ ಮಡಿಚಿ ನುಂಗುತ್ತಿತ್ತು.

ಆಗ ಅಜ್ಜನ ನೆನಪಾಯಿತು. ನಮ್ಮೂರ ಕೆರೆ ಕೋಡಿ ಬಿದ್ದಾಗ ಅವರು ಮೀನು ಹಿಡಿಯುವ ಕೂಳಿಯನ್ನು ರಭಸದ ನಡುವೆ ಇಡುತ್ತಿರಲಿಲ್ಲ. ಓಡುವ ನೀರೂ ನಿಂತ ನೀರೂ ಕೂಡುವ ಕಲ್ಲಿನ ಅಂಚಿನಲ್ಲಿ ಇಡುತ್ತಿದ್ದರು. ನಾನೂ ಏಣಿಯ ಬಾಯನ್ನು ಸುಳಿಯಿಂದ ಬಿಡಿಸಿ, ಟರ್ಬೈನಿನ ಸೆಳವಿನ ಅಂಚಿಗೆ ತಂದೆ. ಧಾರೆ ದೂರದವರೆಗೆ ಉಳಿಯಲೆಂದು ಬಾಯಿಯ ಹತ್ತಿರ ಹೆಚ್ಚುವರಿ ನೀರನ್ನು ಬಿಡಿಸಿದೆ. ಆ ನೀರು ವಿದ್ಯುತ್ತಿಗೆ ನಷ್ಟವೆಂದು ಸ್ಥಾವರದವರು ತಕರಾರು ತೆಗೆದರು. ವಲಸೆಯ ವಾರಗಳಿಗಷ್ಟೇ ಎಂದು ಒಪ್ಪಿಸಲು ಎರಡು ತಿಂಗಳು ಹಿಡಿಯಿತು.

ಕಟ್ಟಿದ ಮೇಲೆ ವೇಗಮಾಪಕದಿಂದ ಅಳೆಸಿದೆ. ಬಾಯಿಯ ಬಳಿ ಲೆಕ್ಕಕ್ಕೂ ಅಳತೆಗೂ ಹೊಂದಿಕೆಯಿತ್ತು, ತಳದ ಕಲ್ಲುಗಳ ಹತ್ತಿರ ಇರಲಿಲ್ಲ. ಮಾದರಿಯಲ್ಲಿ ಅಲ್ಲಿನ ತಳದ ಒರಟುತನವನ್ನು ತಿದ್ದಬೇಕಾಯಿತು. ಕಳೆದ ವಸಂತದಲ್ಲಿ ಅವರು ಕಳುಹಿಸಿದ ವಿಡಿಯೊದಲ್ಲಿ ಕೆಳಗಿನ ತೊಟ್ಟಿಯೊಳಗೆ ಏಳು ಬಾರ್ಬೆಲ್‌ಗಳು ಮೂತಿಯನ್ನು ಸೀಳಿನ ಕಡೆಗಿಟ್ಟು ನಿಂತಿದ್ದವು. ಎಲ್ಲಕ್ಕಿಂತ ಮೇಲಿನ ತೊಟ್ಟಿಗೂ ಒಂದು ಕ್ಯಾಮೆರಾ ಹಾಕಿಸಲು ಕೇಳಿಕೊಂಡಿದ್ದೇನೆ.