ಆಪದ್ಧನ ಯಾವ ಕಪಾಟಿನಲ್ಲಿದೆ?

ಶಿರಸಿ ತಾಲೂಕಿನ ಒಂದು ಸಣ್ಣ ಸೇವಾ ಸಹಕಾರಿ ಸಂಘದಲ್ಲಿ ನಾನು ಸೆಕ್ರೆಟರಿ. ಕಾಗದದಲ್ಲಿ ‘ಮುಖ್ಯ ಕಾರ್ಯನಿರ್ವಾಹಕ’ ಅಂತಿದೆ, ಹಾಗೆ ಕರೆದವರು ಈವರೆಗೆ ಒಬ್ಬರೂ ಇಲ್ಲ. ಬೆಳೆ ಸಾಲ, ಗೊಬ್ಬರ, ರೇಷನ್, ಮಳೆಗಾಲದ ಮುಂಚೆ ಅಡಿಕೆಯ ಔಷಧಿಗೆ ಬೇಕಾಗುವ ಮೈಲುತುತ್ತ. ನಮ್ಮ ವ್ಯವಹಾರ ಇಷ್ಟೇ.

ನಮ್ಮ ವಾರ್ಷಿಕ ಸಭೆ ಸೆಪ್ಟೆಂಬರಿನಲ್ಲಿ, ಮಳೆಯ ನಡುವೆ. ಮೊದಲೆಲ್ಲ ನಲವತ್ತು ನಿಮಿಷದಲ್ಲಿ ಮುಗಿಸುತ್ತಿದ್ದೆ. ವರದಿ ಓದಿದ್ದೇ ಸೈ, ‘ಎಲ್ಲರ ಒಪ್ಪಿಗೆ ಇದೆಯಲ್ಲ?’ ಎಂದು ಕೇಳಿದ್ದೇ ಸೈ, ಎಲ್ಲರೂ ಅವಲಕ್ಕಿ ಕಷಾಯದ ಕಡೆ ಹೊರಡುತ್ತಿದ್ದರು. ಸಭೆಗೆ ಬಾರದವರ ಮತದ ಹಕ್ಕು ಹೋಗುತ್ತದೆ ಎನ್ನುವ ನಿಯಮ ಬಂದ ಮೇಲೆ ಸಹಿ ಪುಸ್ತಕದ ಮುಂದೆ ಸಾಲು ಉದ್ದವಾಯಿತು. ಸಭೆ ಮಾತ್ರ ಅಷ್ಟೇ ಉದ್ದ ಉಳಿಯಿತು. ಗಲಾಟೆ ಇಲ್ಲದ ಸಂಘ ಎಂದು ನನಗೆ ಒಳಗೊಳಗೇ ಜಂಬ ಬೇರೆ.

ಒಂದು ವರ್ಷ ಒಬ್ಬ ಅಮ್ಮ ಮೊದಲ ಸಲ ಬಂದಿದ್ದರು. ಗಂಡ ತೀರಿಕೊಂಡ ಮೇಲೆ ಷೇರು ಅವರ ಹೆಸರಿಗೆ ಆಗಿತ್ತು. ವರದಿ ಕೈಯಲ್ಲಿ ಹಿಡಿದು ಎದ್ದು ನಿಂತರು. “ತಮಾ, ಆಪದ್ಧನ ಹೇಳಿ ಬರದ್ಯಲಾ, ಅದು ಯಾವ ಕಪಾಟಲ್ಲಿದ್ದು?” ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಕಷಾಯ ಕುಡಿಯುವಾಗ, ಜೋರಾಗಿ ನಕ್ಕಿದ್ದ ನಿರ್ದೇಶಕರೊಬ್ಬರು ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದರು: “ಅಲ್ದಾ, ಖರೇ ಅದು ಎಲ್ಲಿದ್ದು?”

ನಿವ್ವಳ ಲಾಭದ ಕಾಲು ಭಾಗವನ್ನು ಕಾಯ್ದೆ ಪ್ರಕಾರ ಆಪದ್ಧನಕ್ಕೆ, ಅಂದರೆ ಸಂಘದ ಕಷ್ಟಕಾಲದ ಮೀಸಲು ನಿಧಿಗೆ, ತೆಗೆದಿಡಬೇಕು. ಹೀಗೆ ಸೇರುವ ದುಡ್ಡು ಯಾವ ಒಬ್ಬ ಸದಸ್ಯನದ್ದೂ ಅಲ್ಲ, ಎಲ್ಲರದ್ದೂ ಹೌದು. ಇದನ್ನು ಆಡಳಿತ ಮಂಡಳಿಗೂ ನಾನು ಒಂದು ದಿನ ಬಿಡಿಸಿ ಹೇಳಿರಲಿಲ್ಲ.

ತಪ್ಪು ತಿದ್ದಿಕೊಳ್ಳಲು ಹೊರಟು ಇನ್ನೊಂದು ತಪ್ಪು ಮಾಡಿದೆ. ಸಹಕಾರದ ಏಳು ತತ್ವಗಳ ದೊಡ್ಡ ಚಾರ್ಟ್ ಬರೆಸಿದೆ. 1844ರಲ್ಲಿ ಇಂಗ್ಲೆಂಡಿನ ರಾಕ್‌ಡೇಲ್‌ನಲ್ಲಿ 28 ಜನ ಸೇರಿ ಅಂಗಡಿ ತೆರೆದದ್ದು, 1905ರಲ್ಲಿ ಗದಗಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಸಂಘ ಕಟ್ಟಿದ್ದು, 1995ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಈ ಏಳು ತತ್ವಗಳು ಈಗಿನ ರೂಪಕ್ಕೆ ಬಂದದ್ದು, ಎಲ್ಲ ಹೇಳಿದೆ. ಅರ್ಧ ಗಂಟೆ ಭಾಷಣ. ಹಿಂದಿನ ಸಾಲಿನಲ್ಲಿ ಗೊರಕೆ ಕೇಳುತ್ತಿತ್ತು. ಮುಂದಿನ ತಿಂಗಳು ಚಾರ್ಟಿನ ಮೇಲೆ ಯಾರೋ ಗೊಬ್ಬರ ಕಂಪನಿಯ ಕ್ಯಾಲೆಂಡರ್ ನೇತುಹಾಕಿದರು. ನಾನೂ ತೆಗೆಸಲಿಲ್ಲ.

ದಾರಿ ಸಿಕ್ಕಿದ್ದು ಅಡಿಕೆ ಸುಲಿಯುವಲ್ಲಿ. ಅಡಿಕೆ ಗೊನೆ ಕೊಯ್ಲಿನ ದಿನಗಳಲ್ಲಿ ರಾತ್ರಿ ಹತ್ತಾರು ಜನ ಒಂದೇ ಕಡೆ ಕೂತಿರುತ್ತಾರೆ. ಕೈಗೆ ಕೆಲಸ, ಕಿವಿ ಖಾಲಿ. ಕೇರಿಗೊಂದು ಮನೆ ಗೊತ್ತು ಮಾಡಿಕೊಂಡು ಹೋದೆ. ಆಸ್ತಿ-ಸಾಲದ ಲೆಕ್ಕ ತೋರಿಸುವ ಅಢಾವೆ ಪತ್ರಿಕೆಯನ್ನು ಚೀಲದಲ್ಲೇ ಬಿಟ್ಟು ನೂರು ಅಡಿಕೆ ಎಣಿಸಿ ರಾಶಿ ಹಾಕಿದೆ. ಸಂಘ ನೂರು ರೂಪಾಯಿ ಸಾಲ ಕೊಟ್ಟರೆ ಅದರಲ್ಲಿ ನಿಮ್ಮ ಷೇರು ಇಷ್ಟು, ಠೇವಣಿ ಇಷ್ಟು, ಶಿರಸಿಯ ಡಿಸಿಸಿ (ಜಿಲ್ಲಾ ಕೇಂದ್ರ ಸಹಕಾರಿ) ಬ್ಯಾಂಕಿನಿಂದ ನಾವು ತಂದ ಸಾಲ ಇಷ್ಟು. ವಸೂಲಾಗದೆ ಸುಸ್ತಿ ಬಿದ್ದದ್ದು ಇಷ್ಟು ಎಂದು ಕೆಲವು ಅಡಿಕೆಯನ್ನು ಬೇರೆ ಸರಿಸಿದೆ. ಆಗ ಸುಲಿಯುತ್ತಿದ್ದ ಕೈಗಳು ನಿಂತವು. “ಅದು ಯಾರದ್ದು?”

ಹೆಸರು ಹೇಳಲಿಲ್ಲ. ಸಾಲಗಾರನ ಮರ್ಯಾದೆಯೂ ಸಂಘದ ಆಸ್ತಿಯೇ ಎಂದು ಈಗಲೂ ನಂಬುತ್ತೇನೆ. ಆದರೆ ನಿರ್ದೇಶಕರು ತಮ್ಮ ತಮ್ಮ ಸಾಲದ ಲೆಕ್ಕವನ್ನು ಸಭೆಯಲ್ಲಿ ತಾವೇ ಓದಬೇಕು ಎಂದು ತೀರ್ಮಾನವಾಯಿತು. ಅಧ್ಯಕ್ಷರು ಒಂದು ವಾರ ನನ್ನ ಜೊತೆ ಮಾತು ಬಿಟ್ಟರು. ಆಮೇಲೆ ಮೊದಲು ಓದಿದವರು ಅವರೇ.

ಅಲ್ಲೇ ಇನ್ನೊಂದು ಪ್ರಶ್ನೆ ಎದ್ದಿತು. ಸುಲಿಯಲು ಕೂತವರಲ್ಲಿ ಮನೆಯ ಹೆಂಗಸರು, ಪಕ್ಕದ ಕೇರಿಯಿಂದ ಕೂಲಿಗೆ ಬಂದವರು. ಸದಸ್ಯರು ಎಷ್ಟು ಜನ? ಮೂಲೆಯಲ್ಲಿ ಕೂತ ಯಜಮಾನರೊಬ್ಬರೇ. ಪಹಣಿ ಇದ್ದವರಿಗಷ್ಟೇ ಷೇರು ಎಂದು ನಾವು ರೂಢಿ ಮಾಡಿಕೊಂಡಿದ್ದೆವು. ಸಂಘದ ನಿಯಮಾವಳಿ, ಬೈಲಾ, ತೆಗೆದು ನೋಡಿದರೆ ನಮ್ಮ ವ್ಯಾಪ್ತಿಯಲ್ಲಿ ವಾಸವಿರುವ ವಯಸ್ಕರು ಯಾರು ಬೇಕಾದರೂ ಸದಸ್ಯರಾಗಬಹುದು! ಸದಸ್ಯತ್ವ ಎಲ್ಲರಿಗೂ ಮುಕ್ತ ಎನ್ನುವ ಮೊದಲನೆಯ ತತ್ವ ನಮ್ಮ ಕಪಾಟಿನಲ್ಲೇ ಧೂಳು ತಿನ್ನುತ್ತಿತ್ತು. ಮಂಡಳಿಯಲ್ಲಿ ಒಬ್ಬರು ಬಾಯಿಬಿಟ್ಟೇ ಹೇಳಿದರು, “ಹೊಸಬರು ಬಂದರೆ ಓಟಿನ ಲೆಕ್ಕ ತಪ್ಪುತ್ತದೆ.” ಎರಡು ವರ್ಷ ಎಳೆದಾಡಿದೆವು. ಮತವಿಲ್ಲದ ಸಹ ಸದಸ್ಯತ್ವ ಕೊಟ್ಟು ಸಮಾಧಾನ ಮಾಡೋಣ ಎಂಬ ಸಲಹೆಯೂ ಬಂತು. ಅದಕ್ಕೆ ನಾನು ಒಪ್ಪಲಿಲ್ಲ.

ಇನ್ನು ಮೈಲುತುತ್ತದ ಕಥೆ. ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯದೆ ನಮ್ಮಲ್ಲಿ ಮಳೆಗಾಲ ದಾಟುವುದಿಲ್ಲ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೊದಲು ಎಷ್ಟು ತರಿಸಬೇಕೆಂದು ನಾನೂ ಅಧ್ಯಕ್ಷರೂ ಅಂದಾಜು ಮಾಡುತ್ತಿದ್ದೆವು. ಸದಸ್ಯರೇ ಹೇಳಲಿ ಎಂದು ಕೇರಿಯಲ್ಲಿ ಬರೆಸಿಕೊಂಡೆ. ತರಿಸಿದೆವು. ಅಷ್ಟರಲ್ಲಿ ಪೇಟೆಯಲ್ಲಿ ದರ ಇಳಿಯಿತು, ಬರೆಸಿದವರಲ್ಲಿ ಸುಮಾರು ಜನ ಅಲ್ಲೇ ಕೊಂಡರು. ಚೀಲಗಳು ಗೋದಾಮಿನಲ್ಲಿ ಉಳಿದವು. ಆ ವರ್ಷದ ಸಭೆಯಲ್ಲಿ ಬೈಗುಳ ನನಗೆ ಬೀಳುತ್ತದೆ ಎಂದುಕೊಂಡಿದ್ದೆ. ಬರೆಸಿ ತೆಗೆದುಕೊಂಡವರು ಎದ್ದು, ಬರೆಸಿ ಬಿಟ್ಟವರಿಗೆ ಹಾಕಿದರು ನೋಡಿ! ‘ನಷ್ಟ ಯಾರದ್ದು, ಸೆಕ್ರೆಟರಿದಾ?’ ಎಂದು ಅವರೇ ಕೇಳಿದರು. ನನ್ನ ಇಷ್ಟು ವರ್ಷದ ನೌಕರಿಯಲ್ಲಿ ಅದಕ್ಕಿಂತ ಒಳ್ಳೆಯ ಸಭೆ ನೋಡಿಲ್ಲ. ಮರುವರ್ಷದಿಂದ ಬರೆಸುವಾಗಲೇ ಮುಂಗಡ.

ಆರನೆಯ ತತ್ವ, ಅಂದರೆ ಸಂಘ ಸಂಘಗಳ ನಡುವಿನ ಸಹಕಾರ, ನಮಗೆ ಕಲಿಯಬೇಕಿರಲಿಲ್ಲ. ರೈತನ ಅಡಿಕೆ ಶಿರಸಿಯ ಮಾರಾಟ ಸಂಘದಲ್ಲಿ ಟೆಂಡರ್ ಆಗಿ, ನಮ್ಮ ಸಾಲ ಅಲ್ಲೇ ಮುರಿದುಕೊಂಡು ಬರುವ ಪದ್ಧತಿ ಅಜ್ಜನ ಕಾಲದ್ದು. ಅದಕ್ಕೆ ಯಾರೂ ನಂಬರು ಕೊಟ್ಟಿರಲಿಲ್ಲ, ಅಷ್ಟೇ.

ಈಗಿನ ತಲೆಬಿಸಿ ಬೇರೆ. ಸುಲಿಯುವ ಯಂತ್ರ ಬಂದಿದೆ, ಅದರ ಸದ್ದಿನಲ್ಲಿ ಯಾವ ಲೆಕ್ಕವೂ ಕೇಳುವುದಿಲ್ಲ. ಕೆಲವರು ಫಸಲನ್ನು ಮರದಲ್ಲೇ ಗುತ್ತಿಗೆ ಕೊಡುತ್ತಾರೆ, ಅವರ ಮನೆಯಲ್ಲಿ ಸುಲಿಯುವುದೇ ಇಲ್ಲ. ಈ ಸಲ ಭಾನುವಾರ ಮಧ್ಯಾಹ್ನ ಶಾಲೆಯ ಜಗುಲಿಯಲ್ಲಿ ಕರೆದೆವು. ಹನ್ನೊಂದು ಜನ ಬಂದರು. ಕಪಾಟು ಕೇಳಿದ ಆ ಅಮ್ಮ ಹಳೆಯ ವರದಿಯನ್ನೂ ಹಿಡಿದು ತಂದಿದ್ದರು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಲು.