ಪಂಪ್ ಎಷ್ಟು ಕೊಟ್ಟರೂ ಪೈಪ್ ಇಳಿಸಬೇಕು: ಅಕ್ವೇರಿಯಂಗೆ ಸಂಪ್ ಕಟ್ಟಿದ ನನ್ನ ಅನುಭವ

ಅಕ್ವೇರಿಯಂ ಕೆಳಗೆ ಕ್ಯಾಬಿನೆಟ್‌ನಲ್ಲಿ ಸಂಪ್ (ಪಂಪ್ ಇಟ್ಟು ನೀರು ಸುತ್ತಿಸುವ ಎರಡನೇ ತೊಟ್ಟಿ) ಇಡಬೇಕು ಅನ್ನುವವರೆಲ್ಲ ಮೊದಲು ಕೇಳುವ ಪ್ರಶ್ನೆ ಒಂದೇ. ಪಂಪ್ ಮೇಲಕ್ಕೆ ತಳ್ಳುವ ನೀರನ್ನೂ ಪೈಪ್‌ನಲ್ಲಿ ಕೆಳಗೆ ಇಳಿಯುವ ನೀರನ್ನೂ ಸಮ ಮಾಡೋದು ಹೇಗೆ? ನಾನು ಕರೆಸಿದ್ದ ಪ್ಲಂಬರ್ ತಕ್ಷಣ ಉತ್ತರ ಕೊಟ್ಟರು: "ಮೇಲೊಂದು ಮೋಟರ್, ಕೆಳಗೊಂದು ಮೋಟರ್ ಹಾಕಿಬಿಡಿ ಸಾರ್. ಎರಡೂ ಒಂದೇ ಕಂಪನಿದು ತಗೊಳ್ಳಿ, ಸಮ ಆಗತ್ತೆ." ಆಗಲ್ಲ. ಒಂದೇ ಕಂಪನಿಯ ಎರಡು ಪಂಪ್ ಕೂಡ ಒಂದೇ ಸಮ ನೀರು ಎತ್ತುವುದಿಲ್ಲ. ಗಂಟೆಗೆ ಹತ್ತೇ ಲೀಟರ್ ಹೆಚ್ಚುಕಡಿಮೆ ಅಂತಿಟ್ಟುಕೊಳ್ಳಿ, ರಾತ್ರಿ ಮಲಗಿ ಏಳುವುದರೊಳಗೆ 80 ಲೀಟರ್ ಆಚೀಚೆ ಆಗಿರುತ್ತದೆ.

ಇದು ಕೆರೆ ಕೋಡಿಯ ಲೆಕ್ಕ. ಕೋಡಿ ಬಿದ್ದ ಕೆರೆಗೆ ಎಷ್ಟು ನೀರು ಬರುತ್ತದೋ ಅಷ್ಟೇ ಆಚೆ ಹರಿಯುತ್ತದೆ, ಯಾರೂ ಕೂತು ಅಳೆಯಬೇಕಿಲ್ಲ. ತೊಟ್ಟಿಯಲ್ಲೂ ಹಾಗೆಯೇ. ಪಂಪ್ ಎಷ್ಟು ನೀರು ಕೊಡುತ್ತದೋ ಅಷ್ಟು, ಇಳಿಯುವ ಪೈಪ್ ಇರುವ ಗೂಡಿನ, ಅಂದರೆ ಓವರ್‌ಫ್ಲೋ ಬಾಕ್ಸ್‌ನ ಅಂಚಿನ ಹಲ್ಲುಗಳ ಮೇಲಿಂದ ಬಿದ್ದು ತಾನೇ ಕೆಳಗೆ ಹೋಗುತ್ತದೆ. ಅಷ್ಟು ನೀರನ್ನು ಇಳಿಸುವ ತಾಕತ್ತು ಪೈಪ್‌ಗೆ ಇರಬೇಕು ಅಷ್ಟೆ. ಹಾಗಾದರೆ ಡ್ರೇನ್ ಪೈಪ್‌ಗೆ ವಾಲ್ವ್ ಯಾಕೆ ಹಾಕುತ್ತಾರೆ? ಸದ್ದು ಅಡಗಿಸೋಕೆ. ನೆಲ ಒದ್ದೆಯಾಗದಂತೆ ಕಾಯೋದು ವಾಲ್ವ್ ಅಲ್ಲ, ಪಕ್ಕದಲ್ಲಿರುವ ಎರಡನೇ ಪೈಪ್.

ನನ್ನ ತೊಟ್ಟಿ ನಾಲ್ಕು ಅಡಿಯದು: 120 ಸೆಂ.ಮೀ. ಉದ್ದ, 45 ಅಗಲ, 50 ಎತ್ತರ. ಸಿಹಿನೀರು, ಒಂದಷ್ಟು ಗಿಡ, ಏಂಜೆಲ್ ಮೀನುಗಳು. ಮರಳು, ಕಲ್ಲು ಕಳೆದರೆ ನೀರು ಸುಮಾರು 240 ಲೀಟರ್. ಇಂಥ ತೊಟ್ಟಿಗೆ ಗಂಟೆಗೆ ನಾಲ್ಕರಿಂದ ಆರು ಸಲ ನೀರು ಸುತ್ತಿದರೆ ಸಾಕು. ಜಾಸ್ತಿ ಸುತ್ತಿಸಿದರೆ ಏಂಜೆಲ್‌ಗಳು ಸುಮ್ನೆ ಈಜಿ ಸುಸ್ತಾಗುತ್ತವೆ.

ಪಂಪ್ ಡಬ್ಬದ ಮೇಲೆ 2,500 ಲೀಟರ್ ಅಂತ ಬರೆದಿತ್ತು. ಅದು ಒಂದಿಂಚೂ ಮೇಲೆತ್ತದೆ ಸುರಿದಾಗಿನ ಲೆಕ್ಕ. ಸಂಪ್‌ನಿಂದ ತೊಟ್ಟಿಯ ಅಂಚಿಗೆ ಸುಮಾರು 1.3 ಮೀಟರ್ ಎತ್ತರ, ಮಧ್ಯೆ ಎಲ್ಬೋಗಳು. ಪ್ರತಿ ತಿರುವಿನಲ್ಲೂ ಹರಿವು ಒಂದಿಷ್ಟು ಕುಗ್ಗುತ್ತದೆ. ಅದಕ್ಕೇ ನಾನು ಡಬ್ಬ ನಂಬದೆ ಬಕೆಟ್ ನಂಬಿದೆ. ರಿಟರ್ನ್ ಪೈಪ್ (ಪಂಪ್‌ನಿಂದ ಮೇಲಿನ ತೊಟ್ಟಿಗೆ ಹೋಗುವುದು) ಬಾಯಿಗೆ 10 ಲೀಟರ್ ಬಕೆಟ್ ಹಿಡಿದೆ, ಮೊಬೈಲ್‌ನಲ್ಲಿ ಸ್ಟಾಪ್‌ವಾಚ್ ಒತ್ತಿದೆ. ತುಂಬಲು 26 ಸೆಕೆಂಡ್. ಅಂದರೆ ಗಂಟೆಗೆ ಸುಮಾರು 1,380 ಲೀಟರ್, ಹೆಚ್ಚುಕಡಿಮೆ ಡಬ್ಬದ ಅರ್ಧ. ನನಗೆ ಬೇಕಿದ್ದದ್ದೂ ಅಷ್ಟೇ. ನಿಮ್ಮದು ಜಾಸ್ತಿ ಬಂದರೆ ಪಂಪ್‌ನಿಂದ ಹೊರಡುವ ಕಡೆ ಒಂದು ಬಾಲ್ ವಾಲ್ವ್ ಹಾಕಿ ತಗ್ಗಿಸಬಹುದು, ಪಂಪ್‌ಗೆ ಏನೂ ಆಗಲ್ಲ. ನೀರು ಎಳೆಯುವ ಕಡೆ ಮಾತ್ರ ಎಂದೂ ಕಟ್ಟಬೇಡಿ.

ಇನ್ನು ಇಳಿಯುವ ಪೈಪ್. ನಾನು ಎರಡು ಹಾಕಿದೆ, ಎರಡೂ 32 ಎಂ.ಎಂ. ಪಿವಿಸಿ. ಪ್ಲಂಬರ್‌ಗಳು "ಒಂದಿಂಚು" ಅನ್ನೋದು ಇದನ್ನೇ. ಮೇಲೆ ಹೋಗುವ ರಿಟರ್ನ್ ಮುಕ್ಕಾಲಿಂಚು ಸಾಕಾಯಿತು. ತೊಟ್ಟಿಯ ಗಾಜಿಗೆ ತೂತು ಕೊರೆಸುವ ಮೊದಲು ಟ್ಯಾಂಕ್ ನಿಪ್ಪಲ್ (ಆ ತೂತಿಗೆ ಪೈಪ್ ಜೋಡಿಸುವ ತುಂಡು) ಕೊಂಡು ಅದನ್ನೇ ಗಾಜಿನ ಅಂಗಡಿಗೆ ಒಯ್ಯಿರಿ. ಪೈಪ್ ಒಂದಿಂಚಾದರೂ ನಿಪ್ಪಲ್‌ಗೆ ಬೇಕಾಗುವ ತೂತು ಅದಕ್ಕಿಂತ ದೊಡ್ಡದು, ಕಂಪನಿಯಿಂದ ಕಂಪನಿಗೆ ಬೇರೆ. ಗಾಜು ಟಫನ್ಡ್ (ಕಾಯಿಸಿ ಗಟ್ಟಿ ಮಾಡಿದ್ದು) ಅಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಟಫನ್ಡ್ ಗಾಜಿಗೆ ಡ್ರಿಲ್ ತಾಗಿಸಿದರೆ ಇಡೀ ಹಲಗೆ ಪುಡಿಪುಡಿ. ರಬ್ಬರ್ ವಾಷರ್ ನೀರಿರುವ ಬದಿಗೆ, ನಿಪ್ಪಲ್‌ನ ಅಗಲವಾದ ತಲೆಯ ಕೆಳಗೆ ಬರಬೇಕು. ಕೈಯಲ್ಲಿ ಬಿಗಿ ಮಾಡಿ ಮೇಲೆ ಕಾಲು ಸುತ್ತು, ಅಷ್ಟಕ್ಕೇ ನಿಲ್ಲಿಸಿ.

ಮೊದಲ ಪೈಪ್‌ನಲ್ಲಿ ಗಾಳಿಯೇ ಇಲ್ಲದೆ ತುಂಬು ನೀರು ಇಳಿಯುತ್ತದೆ, ಇದು ಸೈಫನ್. ಹೀಗೆ ತುಂಬಿ ಹರಿದರೆ ಒಂದಿಂಚಿನ ಪೈಪ್ ನನ್ನ ಪಂಪ್ ಕೊಡುವ ನೀರಿನ ಎರಡರಷ್ಟನ್ನೂ ಇಳಿಸಬಲ್ಲದು. ತೊಂದರೆ ಇರೋದು ಅಲ್ಲೇ. ಬಾಕ್ಸ್‌ನಲ್ಲಿ ನೀರು ಬರುವುದಕ್ಕಿಂತ ಬೇಗ ಖಾಲಿಯಾಗುತ್ತದೆ, ಪೈಪ್ ಬಾಯಿ ಗಾಳಿ ಎಳೆಯುತ್ತದೆ, ಗೊಳಗೊಳ ಗೊರ್ರ್ ಅಂತ ಸದ್ದು. ಹಾಲ್‌ನಲ್ಲಿ ಕೂತವರು ಟಿವಿ ಸೌಂಡ್ ಜಾಸ್ತಿ ಮಾಡಬೇಕಾಗುತ್ತದೆ. ಈ ಪೈಪ್‌ನ ಕೆಳತುದಿಗೆ ಗೇಟ್ ವಾಲ್ವ್ ಹಾಕಿ ಅದರ ವೇಗವನ್ನು ಪಂಪ್‌ಗಿಂತ ಒಂದು ಕೂದಲೆಳೆಯಷ್ಟು ಕಮ್ಮಿಗೆ ತರಬೇಕು. ಮಿಕ್ಕ ನೀರು ಎರಡನೇ ಪೈಪ್‌ಗೆ ಹೋಗುತ್ತದೆ. ಎರಡನೆಯದರ ಬಾಯಿ ಮೊದಲನೆಯದಕ್ಕಿಂತ ಎತ್ತರದಲ್ಲಿ ಇರುತ್ತದೆ, ಅದಕ್ಕೆ ವಾಲ್ವ್ ಇಲ್ಲ, ಇರಲೂಬಾರದು.

ಹೊಂದಿಸಿದ ರೀತಿ ಹೀಗೆ. ವಾಲ್ವ್ ಪೂರ್ತಿ ತೆರೆದು ಪಂಪ್ ಹಾಕಿದೆ. ಸದ್ದು ಶುರುವಾಯಿತು. ಕಾಲು ಸುತ್ತು ಮುಚ್ಚಿದೆ, ಹತ್ತು ನಿಮಿಷ ಕೈಕಟ್ಟಿ ಕೂತೆ. ಅವಸರ ಮಾಡಿದರೆ ಕೆಲಸ ಕೆಡುತ್ತದೆ, ಯಾಕೆಂದರೆ ಬಾಕ್ಸ್‌ನ ನೀರಿನ ಮಟ್ಟ ನಿಧಾನಕ್ಕೆ ಏರುತ್ತದೆ. ಮತ್ತೆ ಸ್ವಲ್ಪ ಮುಚ್ಚಿದೆ. ಒಂದು ಹಂತದಲ್ಲಿ ಗೊರಕೆ ನಿಂತಿತು, ನೀರು ಏರಿ ಎರಡನೇ ಪೈಪ್‌ನ ಅಂಚು ಮುಟ್ಟಿತು, ಪೆನ್ಸಿಲ್ ದಪ್ಪದ ಒಂದು ಧಾರೆ ಅದರ ಒಳಗೋಡೆಗೆ ಅಂಟಿಕೊಂಡು ಇಳಿಯತೊಡಗಿತು. ಅಲ್ಲಿಗೆ ಬಿಟ್ಟೆ. ಈ ಸಣ್ಣ ಧಾರೆ ಬೇಕೇ ಬೇಕು. ಪಂಪ್ ಒಂದಿಷ್ಟು ಹೆಚ್ಚು ಕೊಟ್ಟರೆ ಧಾರೆ ದಪ್ಪ ಆಗುತ್ತದೆ, ಕಮ್ಮಿ ಕೊಟ್ಟರೆ ತೆಳ್ಳಗೆ. ದಿನನಿತ್ಯದ ಏರುಪೇರನ್ನೆಲ್ಲ ಅದೇ ನುಂಗಿಕೊಳ್ಳುತ್ತದೆ, ವಾಲ್ವ್ ಮುಟ್ಟಬೇಕಿಲ್ಲ.

ವಾಲ್ವ್ ವಿಷಯದಲ್ಲಿ ನನಗೆ ಗಟ್ಟಿ ಅಭಿಪ್ರಾಯವಿದೆ. ಬಾಲ್ ವಾಲ್ವ್ ಕಾಲು ತಿರುವಿನಲ್ಲೇ ಪೂರ್ತಿ ತೆರೆದು ಪೂರ್ತಿ ಮುಚ್ಚುತ್ತದೆ, ಅದರಲ್ಲಿ ಕೂದಲೆಳೆಯ ಹೊಂದಾಣಿಕೆ ಅಂದರೆ ಪ್ರಾಣ ತಿನ್ನುವ ಕೆಲಸ. ಗೇಟ್ ವಾಲ್ವ್‌ನಲ್ಲಿ ಸುತ್ತುಗಟ್ಟಲೆ ತಿರುಗಿಸಬಹುದು. ಆದರೆ ಬೆಂಗಳೂರಿನಲ್ಲಿ ಯಾವ ಹಾರ್ಡ್‌ವೇರ್ ಅಂಗಡಿಗೆ ಹೋದರೂ ಗೇಟ್ ವಾಲ್ವ್ ಅಂದರೆ ಹಿತ್ತಾಳೆಯದೇ ಕೈಗಿಡುತ್ತಾರೆ. ಹಿತ್ತಾಳೆಯಲ್ಲಿ ತಾಮ್ರವಿದೆ, ಸೀಗಡಿ, ಬಸವನಹುಳುಗಳಿಗೆ ತಾಮ್ರ ವಿಷ. ನಾನು ಪ್ಲಾಸ್ಟಿಕ್‌ನದನ್ನು ಆನ್‌ಲೈನ್‌ನಲ್ಲಿ ತರಿಸಿದೆ. ದುಡ್ಡು ಜಾಸ್ತಿಯಾಯಿತು, ಇರಲಿ. ವಾಲ್ವ್‌ನ ಎರಡೂ ಬದಿಗೆ ಯೂನಿಯನ್ (ತಿರುಗಿಸಿ ಬಿಚ್ಚಬಹುದಾದ ಜೋಡಣೆ) ಹಾಕಿ, ಮುಂದೆ ಬಿಚ್ಚಿ ತೊಳೆಯಲು ಅನುಕೂಲ.

ಕರೆಂಟ್ ಹೋದಾಗ ಏನಾಗುತ್ತದೆ ಅನ್ನೋದನ್ನು ಪೈಪ್ ಅಂಟಿಸುವ ಮೊದಲೇ ಕಾಗದದ ಮೇಲೆ ನೋಡಿಕೊಂಡೆ. ನನ್ನ ತೊಟ್ಟಿಯಲ್ಲಿ 1 ಸೆಂ.ಮೀ. ನೀರು ಅಂದರೆ 5.4 ಲೀಟರ್. ಪಂಪ್ ನಿಂತ ಕೂಡಲೇ ರಿಟರ್ನ್ ಪೈಪೇ ಹಿಮ್ಮುಖವಾಗಿ ನೀರು ಎಳೆಯಲು ಶುರು ಮಾಡುತ್ತದೆ, ಅದರ ಬಾಯಿ ಗಾಳಿಗೆ ತೆರೆದುಕೊಳ್ಳುವವರೆಗೂ ನಿಲ್ಲುವುದಿಲ್ಲ. ನನ್ನದು ನೀರಿನ ಮಟ್ಟಕ್ಕಿಂತ 3 ಸೆಂ.ಮೀ. ಕೆಳಗಿದೆ, ಅಲ್ಲಿಗೆ 16 ಲೀಟರ್. ಓವರ್‌ಫ್ಲೋ ಬಾಕ್ಸ್‌ನಲ್ಲಿದ್ದ ನೀರು, ಪೈಪ್‌ಗಳಲ್ಲಿ ಉಳಿದದ್ದು ಸೇರಿ ಸುಮಾರು 25 ಲೀಟರ್. ಸಂಪ್ 75 × 38 ಸೆಂ.ಮೀ., ಆದ್ದರಿಂದ ಅಲ್ಲಿ 9 ಸೆಂ.ಮೀ. ಏರುತ್ತದೆ. ನಾನು 14 ಸೆಂ.ಮೀ. ಖಾಲಿ ಬಿಟ್ಟೆ. ಇದೇ ರಿಟರ್ನ್ ಬಾಯಿ 15 ಸೆಂ.ಮೀ. ಆಳದಲ್ಲಿದ್ದಿದ್ದರೆ ಅದೊಂದರಿಂದಲೇ 80 ಲೀಟರ್ ಇಳಿಯುತ್ತಿತ್ತು! ನೀರು ಹಿಂದಕ್ಕೆ ಹರಿಯದಂತೆ ತಡೆಯುವ ನಾನ್-ರಿಟರ್ನ್ ವಾಲ್ವ್ ಹಾಕಿದರೆ ಸಾಕಲ್ವಾ ಅಂತ ಕೇಳುತ್ತಾರೆ. ಅದರ ಬಾಗಿಲಿಗೆ ಒಂದು ಎಲೆಯ ಚೂರು ಸಿಕ್ಕಿಕೊಂಡರೆ ಮುಗಿಯಿತು. ಪೈಪ್‌ನಲ್ಲಿ ಹಿಮ್ಮುಖ ಎಳೆತ ನಿಲ್ಲಿಸಲು ಕೊರೆಯುವ ಗಾಳಿತೂತಿಗೂ ಪಾಚಿ ಕಟ್ಟುತ್ತದೆ. ಬಾಯಿಯನ್ನೇ ಮೇಲಿಟ್ಟರೆ ಕೆಡಲು ಏನೂ ಇಲ್ಲ.

ಉಲ್ಟಾ ಲೆಕ್ಕವೂ ಒಂದಿದೆ, ಬಹಳ ಜನ ಇದನ್ನು ಬಿಡುತ್ತಾರೆ. ಎರಡೂ ಡ್ರೇನ್ ಕಟ್ಟಿಕೊಂಡು ಪಂಪ್ ಓಡುತ್ತಲೇ ಇದ್ದರೆ? ಸಂಪ್‌ನಲ್ಲಿ ಪಂಪ್ ಇರುವ ಕೋಣೆಯ ನೀರಷ್ಟೇ ಮೇಲೆ ಹೋಗಬಲ್ಲದು, ಆಮೇಲೆ ಪಂಪ್ ಒಣಗುತ್ತದೆ. ನನ್ನ ಕೋಣೆ 30 × 38, ನೀರು 20 ಸೆಂ.ಮೀ., ಒಟ್ಟು 23 ಲೀಟರ್‌ಗಿಂತ ಚೂರು ಕಮ್ಮಿ. ಮೇಲೆ ಅದು 4.2 ಸೆಂ.ಮೀ. ಏರಿಕೆ. ತೊಟ್ಟಿಯ ಅಂಚಿಗೆ 6 ಸೆಂ.ಮೀ. ಜಾಗವಿದೆ. ಪಂಪ್ ಸುಟ್ಟರೂ ಸುಡಲಿ, ನೆಲ ಒಣಗಿರುತ್ತದೆ.

ಮೀನು ಬಿಡುವ ಮುಂಚೆ ಇವನ್ನೆಲ್ಲ ಬೇಕಂತಲೇ ಮಾಡಿ ನೋಡಿದೆ. ಮೊದಲ ಪೈಪ್‌ನ ಬಾಯಿಗೆ ಬಟ್ಟೆ ತುರುಕಿದೆ, ಎರಡನೆಯದು ಜೋರಾಗಿ ಸದ್ದು ಮಾಡುತ್ತಾ ಅಷ್ಟೂ ನೀರನ್ನು ಇಳಿಸಿತು. ಅದರ ಕೆಳತುದಿಯನ್ನು ಸಂಪ್‌ನ ನೀರಿಗಿಂತ ಮೇಲೆ ಇಟ್ಟಿದ್ದೇನೆ, ಪಕ್ಕದ ರೂಮಿಗೂ ಕೇಳಿಸಲಿ ಅಂತ. ಪ್ಲಗ್ ಕಿತ್ತೆ, ಸಂಪ್ ತುಳುಕಲಿಲ್ಲ. ಪ್ಲಗ್ ಹಾಕಿದಾಗ ಸೈಫನ್ ತಾನೇ ಮತ್ತೆ ಹಿಡಿಯಬೇಕು. ಅದಕ್ಕೆ ಮೊದಲ ಪೈಪ್‌ನ ತುದಿ ಸಂಪ್‌ನ ನೀರಿನಲ್ಲಿ 2–3 ಸೆಂ.ಮೀ. ಮಾತ್ರ ಮುಳುಗಿರಲಿ. ಆಳಕ್ಕೆ ಇಳಿಸಿದರೆ ಒಳಗಿನ ಗಾಳಿ ಹೊರಬರಲಾಗದೆ ಸಿಕ್ಕಿಹಾಕಿಕೊಳ್ಳುತ್ತದೆ. ಅಡ್ಡ ಓಟ, ಚೌಕ ಎಲ್ಬೋಗಳಿದ್ದರೂ ಅದೇ ಕಾಟ. ಎಲ್ಬೋ ಬದಲು ಉದ್ದನೆಯ ಬೆಂಡ್ ಹಾಕಿದರೆ ಗಾಳಿ ಸಲೀಸಾಗಿ ಹೋಗುತ್ತದೆ.

ಈಗಿನ ಆರೈಕೆ ಸಣ್ಣದು. ನೀರು ಆರಿದಷ್ಟೂ ಕಡಿಮೆಯಾಗೋದು ಪಂಪ್ ಕೋಣೆಯಲ್ಲಿ, ಮೇಲಿನ ತೊಟ್ಟಿಯಲ್ಲಲ್ಲ. ಬೇಸಿಗೆಯಲ್ಲಿ ದಿನಾ ಅಲ್ಲಿಗೇ ನೀರು ಸೇರಿಸುತ್ತೇನೆ. ನಮ್ಮದು ಬೋರ್‌ವೆಲ್ ನೀರು, ಗಡಸು. ಪಂಪ್‌ನ ಇಂಪೆಲ್ಲರ್‌ಗೆ (ಒಳಗೆ ತಿರುಗಿ ನೀರು ತಳ್ಳುವ ಚಕ್ರ) ಬಿಳಿ ಸುಣ್ಣ ಕಟ್ಟಿ ಹರಿವು ಕುಗ್ಗುತ್ತದೆ. ಎರಡನೇ ಪೈಪ್‌ನ ಧಾರೆ ಪೂರ್ತಿ ನಿಂತರೆ ಅದೇ ಸುಳಿವು: ಪಂಪ್ ತೆಗೆದು, ವಿನೆಗರ್‌ನಲ್ಲಿ ನೆನೆಸಿ, ಹಳೆ ಟೂತ್‌ಬ್ರಷ್‌ನಲ್ಲಿ ಉಜ್ಜುತ್ತೇನೆ. ಧಾರೆ ಇದ್ದಕ್ಕಿದ್ದಂತೆ ದಪ್ಪವಾದರೆ ಮೊದಲ ಪೈಪ್‌ನಲ್ಲಿ ಏನೋ ಸಿಕ್ಕಿಕೊಂಡಿದೆ ಅಂತ ಅರ್ಥ, ಸಾಮಾನ್ಯವಾಗಿ ಬಸವನಹುಳು. ಆಗ ಗೇಟ್ ವಾಲ್ವ್ ಒಂದು ನಿಮಿಷ ಪೂರ್ತಿ ತೆರೆಯುತ್ತೇನೆ, ಹುಳು ನೀರಿನ ಜೊತೆ ಸಂಪ್‌ಗೆ ಜಾರುತ್ತದೆ. ತಿರುಪಿನ ಮೇಲೆ ಮಾರ್ಕರ್ ಪೆನ್ನಿನಲ್ಲಿ ಗುರುತು ಹಾಕಿದ್ದೇನೆ, ಎಷ್ಟು ಸುತ್ತು ತೆರೆದೆ ಅಂತ ಎಣಿಸಿಕೊಂಡು ಅಷ್ಟೇ ಮುಚ್ಚಿದರೆ ಆಯಿತು.