ರಾಯಚೂರು ಕದನದ ಪಾಠ: ನಾನು ಮಾಡುವ ರೀತಿ

ರಾಯಚೂರಲ್ಲಿ ಹೈಸ್ಕೂಲ್ ಮಕ್ಕಳಿಗೆ ಇತಿಹಾಸ ಹೇಳುತ್ತೇನೆ. 1520ರ ಕದನದ ಪಾಠವನ್ನು ಮೊದಲ ವರ್ಷ ಕೆಡಿಸಿದೆ. ತರಗತಿಯನ್ನು ಎರಡು ಗುಂಪು ಮಾಡಿದೆ. ಒಂದು ಕೃಷ್ಣದೇವರಾಯನ ಕಡೆ, ಇನ್ನೊಂದು ಬಿಜಾಪುರದ ಇಸ್ಮಾಯಿಲ್ ಆದಿಲ್ ಷಾ ಕಡೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ಕೇಳಿದ: "ಸರ್, ನಾ ಮುಸ್ಲಿಂ ಅದೀನ್ರಿ. ರಾಯರ ಕಡಿ ನಿಂದ್ರಬಹುದೇನ್ರಿ?" ನನ್ನ ಬಾಯಿ ಕಟ್ಟಿಹೋಯಿತು.

ಈಗ ಪಾಠ ಶುರುವಾಗುವುದು ಮೈದಾನದಲ್ಲಿ. ರಂಗೋಲಿ ಪುಡಿಯಿಂದ ಮೇಲೆ ಕೃಷ್ಣೆ, ಕೆಳಗೆ ತುಂಗಭದ್ರೆ ಎಳೆಯುತ್ತೇನೆ. ನಡುವೆ ಒಂದು ಕಲ್ಲು, ಅದೇ ನಮ್ಮೂರ ಕೋಟೆ. ಈ ನೆಲಕ್ಕಾಗಿ ಮೊದಲು ಬಹಮನಿಗಳು, ಆಮೇಲೆ ಆದಿಲ್ ಷಾಹಿಗಳು ವಿಜಯನಗರದ ಜೊತೆ 150 ವರ್ಷಕ್ಕೂ ಜಾಸ್ತಿ ಕಾದಾಡಿದರು. ಧರ್ಮದ ಮಾತೇ ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಜಗಳದ ಬೇರು ಈ ಎರಡು ಗೆರೆಗಳ ನಡುವೆಯೇ ಇದೆ.

ಆಮೇಲೆ ಪೋರ್ಚುಗೀಸ್ ವ್ಯಾಪಾರಿ ನ್ಯೂನಿಜ್ ಬರೆದಿಟ್ಟ ಕತೆ. ಗೋವಾದಿಂದ ಕುದುರೆ ತರಲು ರಾಯ 40,000 ಚಿನ್ನದ ನಾಣ್ಯ ಕೊಟ್ಟು ಕಳಿಸಿದ್ದು ಒಬ್ಬ ಮುಸ್ಲಿಂ ವ್ಯಾಪಾರಿಯನ್ನು. ಅವನು ದುಡ್ಡಿನ ಸಮೇತ ಆದಿಲ್ ಷಾನ ಕಡೆ ಓಡಿದ. ಯುದ್ಧಕ್ಕೆ ಅದೇ ನೆಪ. ಅಷ್ಟು ಹಣ ಕೊಡಬೇಕಾದರೆ ರಾಯನಿಗೆ ಎಷ್ಟು ನಂಬಿಕೆ ಇರಬೇಕು, ಅಲ್ವಾ? ಕೃಷ್ಣದೇವರಾಯನಿಗಿಂತ ಬಹಳ ಮೊದಲು ಆಳಿದ ಎರಡನೇ ದೇವರಾಯನ ಕಾಲದಿಂದಲೇ ವಿಜಯನಗರದ ಸೈನ್ಯದಲ್ಲಿ ಮುಸ್ಲಿಮರಿದ್ದರು. ಆ ಹುಡುಗನಿಗೆ ಅಂದೇ ಇದನ್ನು ಹೇಳಬೇಕಿತ್ತು. ಈಗ ಕಡೆಗಳನ್ನು ಚೀಟಿ ಎತ್ತಿ ಹಂಚುತ್ತೇನೆ.

ಕದನವನ್ನು ಮಕ್ಕಳೇ ಆಡುತ್ತಾರೆ. ಷಾನ ಗುಂಪು ಕೃಷ್ಣೆಯ ಗೆರೆ ದಾಟಿ ಬರುತ್ತದೆ. ಫಿರಂಗಿ ಹಾರುತ್ತವೆ, ರಾಯನ ಮುಂದಿನ ಸಾಲು ಚದುರಿ ಓಡುತ್ತದೆ. ಆಗ ರಾಯ ತಾನೇ ಕುದುರೆ ಏರಿ ನುಗ್ಗಬೇಕು. ಷಾನ ಕಡೆಯವರು ಹಿಂದೆ ಸರಿಯುತ್ತಾ ಸರಿಯುತ್ತಾ ಗೆರೆ ತುಳಿಯುತ್ತಾರೆ. "ಹಿಂದ ಹೊಳಿ ಐತ್ರಿ ಸರ್!" ಎಂದು ಯಾರಾದರೂ ಕೂಗುತ್ತಾರೆ. ಆ ಕೂಗಿಗಾಗಿಯೇ ನಾನು ಕಾಯುತ್ತಿರುತ್ತೇನೆ. ಷಾ ಸೋತದ್ದು ಹೇಗೆಂದು ಮತ್ತೆ ವಿವರಿಸಬೇಕಾಗುವುದಿಲ್ಲ.

ರಾಯನ ಕಡೆ 7 ಲಕ್ಷ ಕಾಲಾಳು ಇದ್ದರೆಂದು ನ್ಯೂನಿಜ್ ಬರೆದಿದ್ದಾನೆ. "ಮೇ ತಿಂಗಳ ಬಿಸಿಲಲ್ಲಿ ಅಷ್ಟು ಜನಕ್ಕೆ ನೀರೆಲ್ಲಿಂದ?" ಎಂದು ಮಕ್ಕಳನ್ನೇ ಕೇಳುತ್ತೇನೆ. ಸುಮ್ನೆ ನಂಬುವುದಕ್ಕಿಂತ ಅವರು ಲೆಕ್ಕ ಹಾಕಲಿ.

ಮರುದಿನ ಕೋಟೆಗೆ ಹೋಗುತ್ತೇವೆ. ಬಯಲಲ್ಲಿ ಗೆದ್ದ ಮೇಲೂ ರಾಯನಿಗೆ ಕೋಟೆ ಸಿಕ್ಕಿರಲಿಲ್ಲ. ರಾಯನ ಜೊತೆ ಸೇರಿದ್ದ ಪೋರ್ಚುಗೀಸ್ ಬಂದೂಕಿನವರು ಗೋಡೆ ಮೇಲಿನವರಿಗೆ ಗುರಿ ಇಟ್ಟರು. ಇಣುಕಿ ನೋಡಿದ ಕೋಟೆಯ ನಾಯಕನ ಹಣೆಗೇ ಗುಂಡು ಬಿತ್ತು. ಆಮೇಲೆ ಊರು ಶರಣಾಯಿತು. ಇದನ್ನು ಗೋಡೆಯ ಬುಡದಲ್ಲಿ ನಿಂತು ಹೇಳುತ್ತೇನೆ. ಮಕ್ಕಳು ಕತ್ತೆತ್ತಿ ಮೇಲೆ ನೋಡುತ್ತಾ ನಿಲ್ಲುತ್ತಾರೆ.